ಮುಪ್ಪಿನಲ್ಲಿ ಬೀಳುವುದು: ಕಾರಣಗಳೂ ನಿವಾರಣೆಯೂ

೧. ವಿಷಯಪ್ರವೇಶ

ಮನುಷ್ಯನು ತನ್ನ ಜೀವಮಾನದಲ್ಲಿ ಎರಡು ಕಾಲಗಳಲ್ಲಿ ಹೆಚ್ಚಾಗಿ ಬೀಳುತ್ತಾನೆ: ನಡೆಯಲು ಕಲಿಯುವ ಎಳವೆಯಲ್ಲಿ ಒಮ್ಮೆ, ಮುಪ್ಪಿನಲ್ಲಿ ಮತ್ತೊಮ್ಮೆ. ಮಗುವಿನ ಬೀಳುವಿಕೆಯನ್ನು ನಾವು ಕಲಿಕೆಯ ಒಂದು ಅಂಗವೆಂದು ಎಣಿಸುತ್ತೇವೆ. ವೃದ್ಧರ ಬೀಳುವಿಕೆಯನ್ನಾದರೋ ಆಕಸ್ಮಿಕವೆಂದೋ, ವಯೋಧರ್ಮವೆಂದೋ ಹೇಳಿ ಮುಗಿಸಿಬಿಡುತ್ತೇವೆ. ಆಕಸ್ಮಿಕವೆಂದರೆ ಕಾರಣವನ್ನು ಹುಡುಕುವ ಅಗತ್ಯವಿಲ್ಲ. ವಯೋಧರ್ಮವೆಂದರೆ ನಿವಾರಣೆಯನ್ನು ಹುಡುಕುವ ಅಗತ್ಯವಿಲ್ಲ. ಈ ಎರಡು ಮಾತುಗಳೂ ನಿಜವಲ್ಲವೆಂಬುದನ್ನು ಕಳೆದ ಅರವತ್ತು ವರ್ಷಗಳ ಸಂಶೋಧನೆಯು ತೋರಿಸಿಕೊಟ್ಟಿದೆ. ಆ ಸಂಶೋಧನೆಯ ಸಾರವನ್ನು ಕಾಲೇಜಿನ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮುಂದಿಡುವುದೂ, ನಮ್ಮ ಮನೆಗಳ ಮಟ್ಟಿಗೆ ಅದರಿಂದ ಏನು ತಿಳಿಯಬಹುದೆಂಬುದನ್ನು ವಿಚಾರಮಾಡುವುದೂ ಪ್ರಕೃತ ಲೇಖನದ ಉದ್ದೇಶ.

ಮೊದಲು ಬೀಳುವಿಕೆಯೆಂದರೇನೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ತಾನು ಬಯಸದೆ ನೆಲದ ಮೇಲಾಗಲಿ, ತಾನಿದ್ದುದಕ್ಕಿಂತ ಕೆಳಗಿನ ಇನ್ನಾವುದಾದರೂ ಮಟ್ಟಕ್ಕಾಗಲಿ ಬಂದು ನಿಲ್ಲುವುದೇ ಬೀಳುವಿಕೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ನಿರೂಪಿಸಿದೆ. ಪೆಟ್ಟಾಗಲೇಬೇಕೆಂಬ ನಿಯಮ ಇದರಲ್ಲಿಲ್ಲ. ಇದೇ ಸಂಸ್ಥೆಯ ೨೦೨೧ರ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷವೂ ಸುಮಾರು ೬,೮೪,೦೦೦ ಜನರು ಬಿದ್ದ ಕಾರಣದಿಂದ ಸಾಯುತ್ತಾರೆ. ಉದ್ದೇಶಪೂರ್ವಕವಲ್ಲದ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆಯ ಅಪಘಾತಗಳ ತರುವಾಯ ಎರಡನೆಯ ಸ್ಥಾನ ಇದರದು. ಸತ್ತವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಬಡ ಹಾಗೂ ಮಧ್ಯಮ ವರಮಾನದ ದೇಶಗಳವರು; ಅತಿ ಹೆಚ್ಚು ಸಾವುಗಳು ಸಂಭವಿಸುವುದು ಅರವತ್ತು ದಾಟಿದವರಲ್ಲಿ. ೨೦೧೧ರ ಜನಗಣತಿಯ ವೇಳೆಗೇ ಅರವತ್ತು ತುಂಬಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿದ್ದ ನಮ್ಮ ದೇಶಕ್ಕೆ ಈ ವಿಷಯವು ದೂರದ್ದೆನ್ನುವಂತಿಲ್ಲ.

ಸಾವಿನ ಲೆಕ್ಕವು ವಿಷಯದ ಒಂದು ಮುಖ ಮಾತ್ರ. ಮೂಳೆ ಟೊಳ್ಳಾಗಿರುವ ವಯಸ್ಸಿನಲ್ಲಿ ಮಗ್ಗುಲಾಗಿ ಬಿದ್ದರೆ ಸೊಂಟದ ಕೀಲಿನ ಬಳಿ ತೊಡೆಯ ಮೂಳೆಯು ಮುರಿಯುವುದುಂಟು. ಹಾಗೆ ಮುರಿದುಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅನುಭವವು ಹೇಳುತ್ತದೆ. ಉಳಿದವರಲ್ಲಿಯೂ ಅನೇಕರಿಗೆ ಮೊದಲಿನ ನಡಿಗೆ ಮರಳಿ ಬರುವುದಿಲ್ಲ. ಮೂಳೆ ಮುರಿಯದವರೂ ಮನೆಯಿಂದ ಹೊರಗೆ ಹೋಗುವುದನ್ನು ಬಿಟ್ಟು, ಕ್ರಮೇಣ ಕೋಣೆಯಿಂದ ಹೊರಗೆ ಬರುವುದನ್ನೂ ಬಿಡುತ್ತಾರೆ.

೨. ನಿಂತಿರುವುದೆಂಬ ಕೆಲಸ

ನೆಟ್ಟಗೆ ನಿಂತಿರುವುದು ಶ್ರಮವಿಲ್ಲದ ಸ್ಥಿತಿಯೆಂದು ತೋರಿದರೂ, ಶರೀರಶಾಸ್ತ್ರದ ದೃಷ್ಟಿಯಿಂದ ಅದು ಎಡೆಬಿಡದೆ ನಡೆಯುತ್ತಿರುವ ಒಂದು ಕೆಲಸ. ದೇಹದ ಗುರುತ್ವಕೇಂದ್ರವು ಹೊಕ್ಕುಳಿಗಿಂತ ತುಸು ಕೆಳಗಿನ ಮಟ್ಟದಲ್ಲಿದೆ. ಅಲ್ಲಿಂದ ಇಳಿಬಿಟ್ಟ ಲಂಬರೇಖೆಯು ಎರಡು ಪಾದಗಳು ಆವರಿಸಿಕೊಂಡಿರುವ ಅಂಗೈಯಗಲದ ನೆಲದೊಳಗೆ ಬೀಳುವವರೆಗೆ ಮಾತ್ರ ನಾವು ಅಲುಗದೆ ನಿಂತಿರಬಲ್ಲೆವು. ಆದರೆ ಉಸಿರಾಟದಿಂದಲೂ ಕೈಕತ್ತುಗಳ ಚಲನೆಯಿಂದಲೂ ಆ ರೇಖೆಯು ಕ್ಷಣಕ್ಷಣಕ್ಕೂ ಸರಿಯುತ್ತಿರುತ್ತದೆ. ನಿಂತ ಮನುಷ್ಯನು ಗಾಳಿಗೆ ಸಿಕ್ಕಿದ ಜೋಳದ ದಂಟಿನಂತೆ ಸೂಕ್ಷ್ಮವಾಗಿ ತೂಗುತ್ತಲೇ ಇರುತ್ತಾನೆ.

ಈ ತೂಗಾಟವನ್ನು ಅರಿತುಕೊಳ್ಳಲು ಮೂರು ಬಾಗಿಲುಗಳಿವೆ. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿಯಲ್ಲಿರುವ ಸಮತೋಲನದ ಅಂಗ. ಮೂರನೆಯದು ಅಂಗಾಲಿನ ಚರ್ಮ, ಕೀಲು ಮತ್ತು ಸ್ನಾಯುಗಳಿಂದ ಬರುವ ಸ್ಥಾನಪ್ರಜ್ಞೆ. ಕತ್ತಲಲ್ಲಿಯೂ ನಮ್ಮ ಕಾಲು ಎಲ್ಲಿದೆಯೆಂದು ನಮಗೆ ತಿಳಿಯುವುದು ಇದರಿಂದಲೇ. ಈ ಮೂರರ ವರದಿಗಳನ್ನು ಮಿದುಳು ಕೂಡಿಸಿ ನೋಡಿ, ಯಾವ ಸ್ನಾಯು ಎಷ್ಟು ಬಿಗಿಯಬೇಕೆಂಬ ಆಜ್ಞೆಯನ್ನು ಕಾಲುಗಳಿಗೆ ಕಳುಹಿಸುತ್ತದೆ. ಸಣ್ಣ ಓಲಾಟವಾದರೆ ಹರಡಿನ ಸುತ್ತಣ ಸ್ನಾಯುಗಳೇ ಸರಿಪಡಿಸುತ್ತವೆ. ಅದಕ್ಕಿಂತ ದೊಡ್ಡದಾದರೆ ಸೊಂಟ ಬಾಗುತ್ತದೆ. ಅದಕ್ಕೂ ಮೀರಿದರೆ ಒಂದು ಹೆಜ್ಜೆಯನ್ನು ಥಟ್ಟನೆ ಮುಂದಕ್ಕೋ ಪಕ್ಕಕ್ಕೋ ಇಡಬೇಕಾಗುತ್ತದೆ.

ವಯಸ್ಸಾದಂತೆ ಈ ಏರ್ಪಾಟಿನ ಎಲ್ಲ ಅಂಗಗಳೂ ಸ್ವಲ್ಪ ಸ್ವಲ್ಪವಾಗಿ ಮಂದವಾಗುತ್ತವೆ. ಕಣ್ಣಿನಲ್ಲಿ ಪೊರೆ ಬರುತ್ತದೆ. ಅಂಗಾಲಿನ ಸಂವೇದನೆ ಕುಗ್ಗುತ್ತದೆ, ಮಧುಮೇಹವಿದ್ದರೆ ಇನ್ನೂ ಬೇಗ ಕುಗ್ಗುತ್ತದೆ. ಸ್ನಾಯುಗಳ ಗಾತ್ರವು ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಬೇಗ ಕಡಿಮೆಯಾಗುವುದು ಅವುಗಳ ಚುರುಕು. ಭಾರವನ್ನು ನಿಧಾನವಾಗಿ ಎತ್ತಬಲ್ಲ ಕಾಲು ಸಹ, ಥಟ್ಟನೆ ಒಂದು ಹೆಜ್ಜೆಯನ್ನು ಎತ್ತಿಡಬೇಕಾದಾಗ ತಡಮಾಡುತ್ತದೆ.

ನಡಿಗೆಯು ನಿಲುವಿಗಿಂತಲೂ ಕಠಿನವಾದದ್ದು. ನಡೆಯುವಾಗ ಬಹುಪಾಲು ಹೊತ್ತು ನಾವು ಒಂದೇ ಕಾಲಿನ ಮೇಲಿರುತ್ತೇವೆ. ಮುಂದಕ್ಕೆ ತೂಗಿ ಹೋಗುವ ಕಾಲಿನ ಬೆರಳ ತುದಿಯು ನೆಲದಿಂದ ಒಂದೆರಡು ಸೆಂಟಿಮೀಟರಿನಷ್ಟು ಮಾತ್ರವೇ ಮೇಲೆದ್ದಿರುತ್ತದೆ. ಹೊಸ್ತಿಲು, ಚಾಪೆಯ ಅಂಚು, ಎದ್ದುಬಂದ ಚಪ್ಪಡಿಕಲ್ಲು ಇವೆಲ್ಲವೂ ಆ ಅಂತರಕ್ಕಿಂತ ಎತ್ತರವಾದುವೇ. ಆದುದರಿಂದ ಎಡವುವುದು ಯಾವ ವಯಸ್ಸಿನವರಿಗೂ ತಪ್ಪಿದ್ದಲ್ಲ.

ಇಲ್ಲಿ ನಾವು ಮುಖ್ಯವಾದ ಒಂದು ಭೇದವನ್ನು ಗಮನಿಸಬೇಕು. ಎಡವುವುದು ಬೇರೆ, ಬೀಳುವುದು ಬೇರೆ. ಇಪ್ಪತ್ತರ ತರುಣನೂ ಎಡವುತ್ತಾನೆ, ಜಾರುತ್ತಾನೆ. ಆದರೆ ಮರುಹೆಜ್ಜೆಯನ್ನಿಟ್ಟು ಚೇತರಿಸಿಕೊಳ್ಳುತ್ತಾನೆ. ಎಪ್ಪತ್ತೈದರ ವೃದ್ಧರು ಅದೇ ಹೊಸ್ತಿಲನ್ನು ಎಡವಿ, ಮರುಹೆಜ್ಜೆಯನ್ನು ಸಕಾಲದಲ್ಲಿ ಇಡಲಾರದೆ ಬೀಳುತ್ತಾರೆ. ಎಡವುವಿಕೆಯ ಕಾರಣವು ನೆಲದಲ್ಲಿರಬಹುದು, ಬೀಳುವಿಕೆಯ ಕಾರಣವು ಚೇತರಿಕೆಯ ಕೊರತೆಯಲ್ಲಿದೆ. ಹೀಗಾಗಿ ನಿವಾರಣೆಯೂ ಎರಡು ಬಗೆಯದಾಗಬೇಕು: ಎಡವುವ ಸಂದರ್ಭಗಳನ್ನು ಕಡಿಮೆಮಾಡುವುದು ಒಂದು, ಎಡವಿದಾಗ ಚೇತರಿಸಿಕೊಳ್ಳುವ ಶಕ್ತಿಯನ್ನು ಬೆಳೆಸುವುದು ಇನ್ನೊಂದು. ನಮ್ಮ ಮನೆಗಳಲ್ಲಿ ಮೊದಲನೆಯದರ ಬಗೆಗೆ ಅಲ್ಪಸ್ವಲ್ಪ ಯೋಚನೆಯಾದರೂ ಇದೆ. ಎರಡನೆಯದರ ಯೋಚನೆ ಇಲ್ಲವೇ ಇಲ್ಲ.

೩. ಸಂಶೋಧನೆಯು ಬಂದ ದಾರಿ

ವೃದ್ಧರ ಬೀಳುವಿಕೆಯನ್ನು ಕ್ರಮವಾಗಿ ಲೆಕ್ಕವಿಟ್ಟು ಪರಿಶೀಲಿಸಿದವರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ವೈದ್ಯರಾಗಿದ್ದ ಜೆ. ಎಚ್. ಷೆಲ್ಡನ್ ಅವರು ಮೊದಲಿಗರ ಸಾಲಿಗೆ ಸೇರುತ್ತಾರೆ. ೧೯೬೦ರಲ್ಲಿ ಪ್ರಕಟವಾದ ಅವರ ಲೇಖನವು ೨೦೨ ಮಂದಿ ಅನುಭವಿಸಿದ ೫೦೦ ಬೀಳುವಿಕೆಗಳನ್ನು ವಿಂಗಡಿಸಿ ನೋಡಿತು. ಎಡವಿದ್ದು, ಜಾರಿದ್ದು ಮುಂತಾಗಿ ನಿಜವಾಗಿಯೂ ಆಕಸ್ಮಿಕವೆನ್ನಬಹುದಾದುವು ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಉಳಿದುವಕ್ಕೆ ತಲೆಸುತ್ತು, ಕಾಲು ಹಠಾತ್ತಾಗಿ ಸೋಲುವುದು, ಮಲಗಿದಲ್ಲಿಂದ ಏಳುವಾಗ ಆಯ ತಪ್ಪುವುದು ಮೊದಲಾದ ಕಾರಣಗಳು ಕಂಡುಬಂದುವು. ಬ್ರಿಟನ್ನಿನ ಇನ್ನೊಬ್ಬ ವೈದ್ಯರಾದ ಬರ್ನಾರ್ಡ್ ಐಸಾಕ್ಸ್ ಅವರು ೧೯೬೫ರಲ್ಲಿ ವೃದ್ಧಾಪ್ಯದ ‘ದೈತ್ಯ’ರ ಮಾತನ್ನೆತ್ತಿದರು. ಅವರು ಹೆಸರಿಸಿದ ದೈತ್ಯರ ಸಾಲಿನಲ್ಲಿ ಅಸ್ಥಿರತೆಯೂ ಒಂದು, ಚಲನೆಯ ಅಭಾವವೂ ಒಂದು. ಈ ಎರಡು ದೈತ್ಯರು ಒಬ್ಬರನ್ನೊಬ್ಬರು ಪೋಷಿಸುವವರೆಂಬುದನ್ನು ಮುಂದೆ ನೋಡುವೆವು.

ಅಮೆರಿಕೆಯ ನ್ಯೂ ಹೇವನ್ನಿನಲ್ಲಿ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು ೧೯೮೮ರಲ್ಲಿ ಪ್ರಕಟಿಸಿದ ಅಧ್ಯಯನವು ವಿಷಯವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ತಮ್ಮ ಮನೆಗಳಲ್ಲಿಯೇ ವಾಸವಾಗಿದ್ದ, ಎಪ್ಪತ್ತೈದು ತುಂಬಿದ ೩೩೬ ಮಂದಿಯನ್ನು ಅವರು ಒಂದು ವರ್ಷದ ಕಾಲ ಅನುಸರಿಸಿ ನೋಡಿದರು. ನೂರಕ್ಕೆ ೩೨ ಮಂದಿ ಒಂದು ಸಲವಾದರೂ ಬಿದ್ದರು. ನಿದ್ರೆಯ ಗುಳಿಗೆಗಳ ಬಳಕೆ, ಬುದ್ಧಿಯ ಮಾಂದ್ಯ, ಕಾಲುಗಳ ದೌರ್ಬಲ್ಯ, ಸಮತೋಲನದ ಮತ್ತು ನಡಿಗೆಯ ದೋಷ, ಪಾದದ ತೊಂದರೆಗಳು ಇವೇ ಮುಂತಾದ ಅಪಾಯಕಾರಣಗಳಲ್ಲಿ ಒಂದೂ ಇಲ್ಲದವರು ಬೀಳುವ ಸಂಭವವು ನೂರಕ್ಕೆ ೮ ಆಗಿದ್ದರೆ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕಾರಣಗಳು ಕೂಡಿದ್ದವರಲ್ಲಿ ಅದು ನೂರಕ್ಕೆ ೭೮ ಆಗಿತ್ತು. ಒಂದೇ ಮುಪ್ಪಿನಲ್ಲಿ ಇಷ್ಟು ಅಂತರವಿರುವುದಾದರೆ, ಬೀಳುವಿಕೆಯನ್ನು ಮುಪ್ಪಿನ ಲಕ್ಷಣವೆಂದು ಹೇಳುವುದು ಹೇಗೆ? ಅದು ಎಣಿಸಬಹುದಾದ ಕಾರಣಗಳ ಮೊತ್ತ. ಮೊತ್ತವಾದುದರಿಂದ, ಅವುಗಳಲ್ಲಿ ಒಂದೆರಡನ್ನು ಕಳೆದರೂ ಅಪಾಯವು ಕುಗ್ಗಬೇಕು.

ಕುಗ್ಗುವುದೇ ಎಂಬುದನ್ನು ಅದೇ ತಂಡವು ಪರೀಕ್ಷಿಸಿತು. ಎಪ್ಪತ್ತು ತುಂಬಿದ ೩೦೧ ಮಂದಿಯನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಔಷಧಗಳ ಹೊಂದಾಣಿಕೆ, ನಡವಳಿಕೆಯ ಬಗೆಗೆ ಸಲಹೆ, ವ್ಯಾಯಾಮ ಇವುಗಳನ್ನು ಅವರವರ ಅಗತ್ಯಕ್ಕೆ ತಕ್ಕಂತೆ ಒದಗಿಸಲಾಯಿತು. ೧೯೯೪ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷದಲ್ಲಿ ಈ ಗುಂಪಿನ ನೂರಕ್ಕೆ ೩೫ ಮಂದಿಯೂ, ಮತ್ತೊಂದು ಗುಂಪಿನ ನೂರಕ್ಕೆ ೪೭ ಮಂದಿಯೂ ಬಿದ್ದರು.

ಸ್ವೀಡನ್ನಿನಲ್ಲಿ ೧೯೯೭ರಲ್ಲಿ ಪ್ರಕಟವಾದ ಒಂದು ಸರಳವಾದ ವೀಕ್ಷಣೆಯನ್ನು ಇಲ್ಲಿ ಸ್ಮರಿಸಬಹುದು. ಆಶ್ರಯಗೃಹಗಳಲ್ಲಿದ್ದ ೫೮ ಮಂದಿ ವೃದ್ಧರ ಜೊತೆಯಲ್ಲಿ ನಡೆಯುತ್ತ ಸಂಶೋಧಕರು ಮಾತನ್ನಾರಂಭಿಸಿದರು. ಹನ್ನೆರಡು ಮಂದಿ ಉತ್ತರ ಹೇಳಲು ನಡಿಗೆಯನ್ನು ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಬಿದ್ದರು. ನಡಿಗೆಗೂ ಗಮನ ಬೇಕು; ಸಮತೋಲನವು ಕುಗ್ಗಿದವರಿಗೆ ನಡಿಗೆಯೊಂದಕ್ಕೇ ಎಲ್ಲ ಗಮನವೂ ಬೇಕಾಗಿ, ಮಾತಿಗೆ ಏನೂ ಮಿಗುವುದಿಲ್ಲ. ಮೆಟ್ಟಿಲಿಳಿಯುತ್ತಿರುವ ಹಿರಿಯರನ್ನು ಹಿಂದಿನಿಂದ ಕೂಗಿ ಕರೆಯಬಾರದೆಂಬ ಎಚ್ಚರಿಕೆಗೆ ಇದಕ್ಕಿಂತ ಬೇರೆ ಆಧಾರ ಬೇಕಾಗಿಲ್ಲ.

೪. ಭಯವೂ ಕುಳ್ಳಿರಿಸುವಿಕೆಯೂ

ಒಮ್ಮೆ ಬಿದ್ದವರ ಮನಸ್ಸಿನಲ್ಲಿ ಭಯವು ನೆಲೆಗೊಳ್ಳುತ್ತದೆ. ಬಿದ್ದ ತರುವಾಯ ನಡೆಯಲು ಹೆದರಿ, ಸಿಕ್ಕಿದುದನ್ನೆಲ್ಲ ಹಿಡಿದುಕೊಳ್ಳುತ್ತ, ತಡವರಿಸುತ್ತ ಹೋಗುವ ಸ್ಥಿತಿಯನ್ನು ಮರ್ಫಿ ಮತ್ತು ಐಸಾಕ್ಸ್ ಅವರು ೧೯೮೨ರಲ್ಲಿ ಒಂದು ಪ್ರತ್ಯೇಕ ಲಕ್ಷಣಸಮೂಹವೆಂದೇ ವರ್ಣಿಸಿದರು. ಭಯಪಟ್ಟವರು ಕಡಿಮೆ ನಡೆಯುತ್ತಾರೆ. ಕಡಿಮೆ ನಡೆದಂತೆಲ್ಲ ಕಾಲಿನ ಬಲವು ಕುಗ್ಗುತ್ತದೆ. ಬಲವು ಕುಗ್ಗಿದಂತೆ ಬೀಳುವ ಸಂಭವವು ಹೆಚ್ಚುತ್ತದೆ. ಮತ್ತೆ ಬಿದ್ದರೆ ಭಯವು ಇಮ್ಮಡಿಯಾಗುತ್ತದೆ. ಅಸ್ಥಿರತೆ ಮತ್ತು ಚಲನೆಯ ಅಭಾವಗಳೆಂಬ ದೈತ್ಯರು ಪರಸ್ಪರ ಪೋಷಕರೆಂದು ಮೇಲೆ ಹೇಳಿದುದರ ಅರ್ಥವು ಇದು.

ನಮ್ಮ ಕುಟುಂಬಗಳಲ್ಲಿ ಈ ವಿಷಚಕ್ರಕ್ಕೆ ಇನ್ನೊಂದು ಕೈಯೂ ಸೇರಿಕೊಳ್ಳುತ್ತದೆ. ಅದು ಪ್ರೀತಿಯ ಕೈ. “ಅಜ್ಜಿ, ನೀವು ಏಳಬೇಡಿ, ನೀರು ನಾನು ತಂದುಕೊಡುತ್ತೇನೆ”, “ಅಪ್ಪಾ, ಈ ವಯಸ್ಸಿನಲ್ಲಿ ಪೇಟೆಗೇಕೆ ಹೋಗುತ್ತೀರಿ, ಹುಡುಗ ತರುತ್ತಾನೆ” ಎಂಬ ಮಾತುಗಳು ಗೌರವದಿಂದಲೂ ಕಳಕಳಿಯಿಂದಲೂ ಹುಟ್ಟಿದುವು. ಹಿರಿಯರನ್ನು ಕೆಲಸಕ್ಕೆ ಏಳಿಸಿದರೆ ನೆರೆಹೊರೆಯವರು ಆಡಿಕೊಳ್ಳುವರೆಂಬ ಅಳುಕೂ ಅವುಗಳ ಹಿಂದೆ ಇರುತ್ತದೆ. ಆದರೆ ಫಲವೇನಾಗುತ್ತದೆ? ದಿನಕ್ಕೆ ಇಪ್ಪತ್ತು ಸಲ ಎದ್ದು ಕುಳಿತು ಓಡಾಡುತ್ತಿದ್ದವರು ಮೂರು ಸಲ ಏಳುವವರಾಗುತ್ತಾರೆ. ಏಳುವ ಆ ಮೂರು ಸಲವಾದರೂ ಯಾವಾಗ? ರಾತ್ರಿ, ಕತ್ತಲಲ್ಲಿ, ನಿದ್ರೆಗಣ್ಣಿನಲ್ಲಿ, ಮೂತ್ರದ ಅವಸರದಲ್ಲಿ, ಯಾರನ್ನೂ ಎಬ್ಬಿಸಬಾರದೆಂಬ ಸಂಕೋಚದಲ್ಲಿ. ಹಗಲೆಲ್ಲ ಕಾಲಿನ ಬಲವನ್ನು ಕಳೆದು, ರಾತ್ರಿ ಆ ಕಾಲಿನ ಮೇಲೆಯೇ ಅತಿ ಕಠಿನವಾದ ಕೆಲಸವನ್ನು ಹೊರಿಸಿದಂತಾಗುತ್ತದೆ. ಕುಳ್ಳಿರಿಸುವುದು ರಕ್ಷಣೆಯಲ್ಲ, ಮುಂದಿನ ಬೀಳುವಿಕೆಗೆ ಮಾಡುವ ಸಿದ್ಧತೆ.

ಬಿದ್ದುದನ್ನು ಹಿರಿಯರು ಮುಚ್ಚಿಡುವುದಕ್ಕೂ ಇದೇ ಕಾರಣ. ‘ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನಾವು ಹುಸಿ ಪ್ರತಿಷ್ಠೆಯನ್ನು ನಗುವುದಕ್ಕೆ ಬಳಸುತ್ತೇವೆ. ವೃದ್ಧರ ವಿಷಯದಲ್ಲಿ ಅದು ಪ್ರತಿಷ್ಠೆ ಮಾತ್ರವಲ್ಲ. ಬಿದ್ದೆನೆಂದು ಹೇಳಿದರೆ ಅಂಗಳಕ್ಕಿಳಿಯುವ, ದೇವಸ್ಥಾನಕ್ಕೆ ಹೋಗುವ, ಒಬ್ಬರೇ ಸ್ನಾನಮಾಡುವ ಸ್ವಾತಂತ್ರ್ಯವು ಹೋಗುವುದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಹೀಗೆ ಮೊದಲನೆಯ ಬೀಳುವಿಕೆಯ ಸುದ್ದಿ ಯಾರಿಗೂ ತಿಳಿಯದೆ, ಎರಡನೆಯದೋ ಮೂರನೆಯದೋ ಆಸ್ಪತ್ರೆಯಲ್ಲಿ ತಿಳಿಯುತ್ತದೆ. ಕೇಳುವವರು ಬಂಧನವನ್ನಲ್ಲದೆ ಪರಿಹಾರವನ್ನು ಕೊಡುವರೆಂಬ ನಂಬಿಕೆ ಹುಟ್ಟಿದಾಗ ಮಾತ್ರ ಈ ಮೌನವು ಮುರಿದೀತು.

೫. ಚೇತರಿಕೆಯ ಶಿಕ್ಷಣ

ಎಂಬತ್ತರ ವಯಸ್ಸಿನಲ್ಲಿ ಕಾಲಿನ ಬಲವನ್ನೂ ಸಮತೋಲನವನ್ನೂ ಮತ್ತೆ ಗಳಿಸಿಕೊಳ್ಳುವುದು ಸಾಧ್ಯವೇ ಎಂಬ ಪ್ರಶ್ನೆಗೆ ನ್ಯೂಜಿಲೆಂಡಿನ ಡನೀಡಿನ್ ನಗರದಿಂದ ಸ್ಪಷ್ಟವಾದ ಉತ್ತರ ದೊರೆಯಿತು. ಅಲ್ಲಿಯ ಒಟಾಗೊ ವಿಶ್ವವಿದ್ಯಾನಿಲಯದ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಸಂಗಡಿಗರು ಎಂಬತ್ತು ದಾಟಿದ ೨೩೩ ಮಂದಿ ಸ್ತ್ರೀಯರನ್ನು ಎರಡು ಗುಂಪುಮಾಡಿದರು. ಒಂದು ಗುಂಪಿನವರಿಗೆ ಅಂಗಮರ್ದನ ಚಿಕಿತ್ಸೆಯವರಲ್ಲ, ವ್ಯಾಯಾಮಚಿಕಿತ್ಸಕರು, ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಮನೆಗೇ ಬಂದು ವ್ಯಾಯಾಮವನ್ನು ಕಲಿಸಿಕೊಟ್ಟರು. ಮುಂದೆ ಅವರು ತಾವಾಗಿಯೇ ಅದನ್ನು ಮಾಡುತ್ತ ಬಂದರು. ಮತ್ತೊಂದು ಗುಂಪಿನವರನ್ನು ಬರಿಯ ಮಾತುಕತೆಗಾಗಿ ಭೇಟಿಮಾಡಲಾಯಿತು. ೧೯೯೭ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷದಲ್ಲಿ ಎರಡನೆಯ ಗುಂಪಿನಲ್ಲಿ ೧೫೨ ಬೀಳುವಿಕೆಗಳೂ, ವ್ಯಾಯಾಮದ ಗುಂಪಿನಲ್ಲಿ ೮೮ ಬೀಳುವಿಕೆಗಳೂ ಸಂಭವಿಸಿದ್ದುವು. ಇದೇ ಕ್ರಮವನ್ನನುಸರಿಸಿದ ನಾಲ್ಕು ಪ್ರಯೋಗಗಳನ್ನು ೨೦೦೨ರಲ್ಲಿ ಕೂಡಿಸಿ ನೋಡಿದಾಗ ಬೀಳುವಿಕೆಗಳು ನೂರಕ್ಕೆ ೩೫ರಷ್ಟು ಕಡಿಮೆಯಾದುದು ಕಂಡುಬಂದಿತು. ತರಬೇತಿ ಹೊಂದಿದ ದಾದಿಯೊಬ್ಬರು ಕಲಿಸಿದಾಗಲೂ ಫಲವು ದೊರೆಯಿತೆಂಬುದು ವೈದ್ಯಸಿಬ್ಬಂದಿಯ ಕೊರತೆಯಿರುವ ನಮ್ಮಂತಹ ದೇಶಗಳು ಗಮನಿಸತಕ್ಕ ಸಂಗತಿ.

ಈ ವ್ಯಾಯಾಮದಲ್ಲಿ ವಿಶೇಷ ಸಲಕರಣೆಗಳೇನೂ ಇಲ್ಲ. ಹರಡಿಗೆ ಸಣ್ಣ ತೂಕವನ್ನು ಕಟ್ಟಿಕೊಂಡು ಮೊಣಕಾಲನ್ನು ನೀಡುವುದು, ಮಡಿಸುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು, ತುದಿಗಾಲಿನ ಮೇಲೂ ಹಿಮ್ಮಡಿಯ ಮೇಲೂ ನಿಲ್ಲುವುದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿಯನ್ನು ತಾಗಿಸುತ್ತ ಗೆರೆಯ ಮೇಲೆ ನಡೆಯುವುದು, ಪಕ್ಕಕ್ಕೂ ಹಿಂದಕ್ಕೂ ನಡೆಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು. ಇವುಗಳನ್ನು ವಾರಕ್ಕೆ ಮೂರು ಸಲ, ಸುಮಾರು ಅರ್ಧ ಗಂಟೆಯಂತೆ ಮಾಡಬೇಕು, ಜೊತೆಗೆ ನಡಿಗೆ. ಆರಂಭದಲ್ಲಿ ಗಟ್ಟಿಯಾದ ಮೇಜನ್ನೋ ಗೋಡೆಯ ಕಟ್ಟೆಯನ್ನೋ ಹಿಡಿದುಕೊಂಡು, ಬಲ ಬಂದಂತೆ ಆಸರೆಯನ್ನು ಕಡಿಮೆಮಾಡುತ್ತ ಹೋಗಬೇಕು. ಆಸರೆಯನ್ನು ಕ್ರಮವಾಗಿ ಕಡಿಮೆಮಾಡುವುದರಲ್ಲಿಯೇ ಈ ಶಿಕ್ಷಣದ ಮರ್ಮವಿದೆ. ಸಮತೋಲನವು ತುಸು ಕದಲಿದ ಹೊರತು ಅದನ್ನು ಸರಿಪಡಿಸಿಕೊಳ್ಳುವ ಅಭ್ಯಾಸವು ದೇಹಕ್ಕೆ ಬರುವುದಿಲ್ಲ.

೨೦೧೯ರಲ್ಲಿ ಕ್ಯಾಥರೀನ್ ಶೆರಿಂಗ್ಟನ್ ಮತ್ತು ಸಂಗಡಿಗರು ಇಪ್ಪತ್ತೈದು ದೇಶಗಳ ೧೦೮ ಪ್ರಯೋಗಗಳನ್ನೂ ೨೩,೦೦೦ಕ್ಕಿಂತ ಹೆಚ್ಚು ಮಂದಿಯ ಲೆಕ್ಕವನ್ನೂ ಒಟ್ಟುಗೂಡಿಸಿ ನೋಡಿದರು. ವ್ಯಾಯಾಮವು ಬೀಳುವಿಕೆಗಳನ್ನು ನೂರಕ್ಕೆ ೨೩ರಷ್ಟು ತಗ್ಗಿಸುತ್ತದೆಂಬುದು ಅವರ ನಿರ್ಣಯ. ಫಲವು ದೃಢವಾಗಿ ಕಂಡದ್ದು ಸಮತೋಲನವನ್ನೂ ನಿತ್ಯದ ಚಲನೆಗಳನ್ನೂ ಅಭ್ಯಾಸಮಾಡಿಸುವ ವ್ಯಾಯಾಮಗಳಲ್ಲಿ. ನಡಿಗೆಯೊಂದೇ ಬೀಳುವಿಕೆಯನ್ನು ತಡೆಯುವುದೆಂಬುದಕ್ಕೆ ಸಾಕಷ್ಟು ಆಧಾರ ದೊರೆಯಲಿಲ್ಲ. ಮುಂಜಾನೆಯ ನಡಿಗೆಯು ಹೃದಯಕ್ಕೂ ಮನಸ್ಸಿಗೂ ಹಿತವಾದುದಾದರೂ, ಅದನ್ನು ಮಾಡಿದ ಮಾತ್ರಕ್ಕೆ ಈ ಕರ್ತವ್ಯವು ಮುಗಿಯಿತೆಂದು ತಿಳಿಯಲಾಗದು.

೬. ಔಷಧ, ಕಣ್ಣು, ರಕ್ತದ ಒತ್ತಡ

ಬೀಳುವಿಕೆಯ ಕಾರಣಗಳಲ್ಲಿ ಕೆಲವು ವೈದ್ಯರ ಕೈಯಲ್ಲಿವೆ. ಅವುಗಳಲ್ಲಿ ಔಷಧಗಳೇ ಮುಖ್ಯವಾದುವು. ನಿದ್ರೆಗೆಂದೋ ಮನಸ್ಸಿನ ಕಳವಳಕ್ಕೆಂದೋ ಕೊಟ್ಟ ಗುಳಿಗೆಗಳು ಗಮನವನ್ನೂ ಸ್ನಾಯುಗಳ ಚುರುಕನ್ನೂ ಮಂಕಾಗಿಸುತ್ತವೆ. ಇಂತಹ ಗುಳಿಗೆಗಳನ್ನು ಕ್ರಮಕ್ರಮವಾಗಿ ಬಿಡಿಸಿದ ಒಂದು ಪ್ರಯೋಗದಲ್ಲಿ, ೧೯೯೯ರಲ್ಲಿ ಕ್ಯಾಂಪ್‌ಬೆಲ್ ಅವರ ತಂಡವು ಬೀಳುವಿಕೆಗಳು ನೂರಕ್ಕೆ ೬೬ರಷ್ಟು ಕಡಿಮೆಯಾದುದನ್ನು ಕಂಡಿತು. ಆದರೆ ಬಿಟ್ಟವರಲ್ಲಿ ಅನೇಕರು ಪ್ರಯೋಗವು ಮುಗಿದ ಮೇಲೆ ಮತ್ತೆ ಗುಳಿಗೆಗೆ ಮರಳಿದರು. ಇಂತಹ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಹಠಾತ್ತಾಗಿ ನಿಲ್ಲಿಸುವುದೂ ಅಪಾಯಕರವೇ. ವರ್ಷಕ್ಕೊಮ್ಮೆಯಾದರೂ ಹಿರಿಯರು ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಟ್ಟು, ಇವುಗಳಲ್ಲಿ ಯಾವುದು ಇನ್ನೂ ಬೇಕು, ಯಾವುದು ಬೇಡವೆಂದು ಕೇಳುವುದು ಸುಲಭವಾದ ಕ್ರಮ.

ಮಲಗಿದ್ದವರು ಎದ್ದುನಿಂತಾಗ ರಕ್ತವು ಕಾಲುಗಳ ಕಡೆಗೆ ಇಳಿಯುತ್ತದೆ. ಯೌವನದಲ್ಲಿ ರಕ್ತನಾಳಗಳು ಕೂಡಲೇ ಬಿಗಿದು ಇದನ್ನು ಸರಿಪಡಿಸುತ್ತವೆ. ಮುಪ್ಪಿನಲ್ಲಿ ಈ ಪ್ರತಿಕ್ರಿಯೆಯು ನಿಧಾನವಾಗುತ್ತದೆ. ಎದ್ದುನಿಂತ ಮೂರು ನಿಮಿಷಗಳೊಳಗೆ ಮೇಲಿನ ಒತ್ತಡವು ೨೦ ಮಿಲಿಮೀಟರು ಅಥವಾ ಕೆಳಗಿನ ಒತ್ತಡವು ೧೦ ಮಿಲಿಮೀಟರು ಇಳಿದರೆ ಅದನ್ನು ದೋಷವೆಂದು ಪರಿಗಣಿಸುತ್ತಾರೆ. ಭರ್ತಿ ಊಟದ ನಂತರವೂ ಬಿಸಿನೀರಿನ ಸ್ನಾನದ ನಂತರವೂ ಒತ್ತಡವು ಇಳಿಯುವುದುಂಟು. ಹಾಸಿಗೆಯಿಂದ ಏಳುವ ಮುನ್ನ ಕೆಲವು ಕ್ಷಣ ಕುಳಿತು, ಪಾದಗಳನ್ನು ನಾಲ್ಕೈದು ಸಲ ಆಡಿಸಿ, ಅನಂತರ ನಿಂತು, ತಲೆ ಸ್ಥಿಮಿತಕ್ಕೆ ಬಂದ ಮೇಲೆ ಹೆಜ್ಜೆಯಿಡುವುದು ಎಲ್ಲರೂ ಅನುಸರಿಸಬಹುದಾದ ನಿಯಮ.

ಕಣ್ಣಿನ ಪೊರೆಯ ವಿಷಯದಲ್ಲಿ ನಾಟಿಂಗ್‌ಹ್ಯಾಮಿನ ಒಂದು ಪ್ರಯೋಗವು ಉಲ್ಲೇಖಾರ್ಹವಾದುದು. ಎಪ್ಪತ್ತು ದಾಟಿದ ೩೦೬ ಮಂದಿ ಸ್ತ್ರೀಯರಲ್ಲಿ ಒಂದು ಗುಂಪಿಗೆ ಬೇಗನೆ ಪೊರೆ ತೆಗೆಸಲಾಯಿತು. ಇನ್ನೊಂದು ಗುಂಪು ಸರದಿಗೆ ಕಾದಿತು. ಬೇಗ ತೆಗೆಸಿಕೊಂಡವರಲ್ಲಿ ಬೀಳುವಿಕೆಗಳು ನೂರಕ್ಕೆ ೩೪ರಷ್ಟು ಕಡಿಮೆಯಾದುವೆಂದು ೨೦೦೫ರಲ್ಲಿ ಪ್ರಕಟವಾಯಿತು. ‘ಇನ್ನೂ ಪೊರೆ ಬಲಿಯಲಿ’ ಎಂದು ವರ್ಷಗಟ್ಟಲೆ ಕಾಯುವ ನಮ್ಮ ಹಳೆಯ ರೂಢಿಯನ್ನು ಬಿಡಬೇಕೆಂಬುದಕ್ಕೆ ಇದೂ ಒಂದು ಕಾರಣ.

ಫಲಕೊಡದ ಉಪಾಯಗಳನ್ನೂ ಹೇಳುವುದು ನ್ಯಾಯ. ವರ್ಷಕ್ಕೊಂದೇ ಸಲ ‘ಡಿ’ ಜೀವಸತ್ತ್ವವನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ನೋಡಿದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, ೨೦೧೦ರ ವರದಿಯಂತೆ, ಬೀಳುವಿಕೆಗಳು ಕಡಿಮೆಯಾಗುವ ಬದಲು ಹೆಚ್ಚಿದುವು. ಅಮೆರಿಕೆಯಲ್ಲಿ ೫,೪೫೧ ಮಂದಿಯನ್ನೊಳಗೊಂಡು ನಡೆದು ೨೦೨೦ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ದಾದಿಯರು ಪ್ರತಿಯೊಬ್ಬರ ಅಪಾಯಕಾರಣಗಳನ್ನು ಪಟ್ಟಿಮಾಡಿ ಪರಿಹಾರಗಳನ್ನು ಸೂಚಿಸಿದರೂ, ತೀವ್ರವಾದ ಗಾಯಗಳು ಗಣನೀಯವಾಗಿ ಇಳಿಯಲಿಲ್ಲ. ಕಾರಣವನ್ನು ಗುರುತಿಸುವುದು ಬೇರೆ, ಅದನ್ನು ನೀಗಿಸುವುದು ಬೇರೆ. ಸಲಹೆಯ ಚೀಟಿಯಿಂದ ಕಾಲಿಗೆ ಬಲ ಬರುವುದಿಲ್ಲ.

೭. ನಮ್ಮ ಮನೆಗಳು

ಮನೆಯೊಳಗಣ ಅಪಾಯಗಳನ್ನು ಕಡಿಮೆಮಾಡುವುದರಿಂದ ಬೀಳುವಿಕೆಗಳು ನೂರಕ್ಕೆ ೨೬ರಷ್ಟೂ, ಮೊದಲೇ ಬಿದ್ದಿರುವವರೇ ಮೊದಲಾದ ಹೆಚ್ಚು ಅಪಾಯದಲ್ಲಿರುವವರಲ್ಲಿ ನೂರಕ್ಕೆ ೩೮ರಷ್ಟೂ ಇಳಿಯುತ್ತವೆಂದು ೨೦೨೩ರ ಒಂದು ಸಮಗ್ರ ವಿಮರ್ಶೆಯು ತಿಳಿಸುತ್ತದೆ. ಆದರೆ ಅಲ್ಲಿಯ ಪ್ರಯೋಗಗಳು ಬಹುಮಟ್ಟಿಗೆ ಸಿರಿವಂತ ದೇಶಗಳವು. ಅಲ್ಲಿಯ ಮನೆಗಳಲ್ಲಿ ರತ್ನಗಂಬಳಿಯ ಅಂಚು, ಸ್ನಾನದ ತೊಟ್ಟಿ ಇವು ಅಪಾಯಗಳು. ನಮ್ಮ ಮನೆಗಳ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು.

ಆ ಪಟ್ಟಿಯಲ್ಲಿ ಬಚ್ಚಲುಮನೆಗೆ ಮೊದಲ ಸ್ಥಾನವನ್ನು ಕೊಡಬೇಕು. ಎಣ್ಣೆಸ್ನಾನದ ದಿನ ಎಣ್ಣೆ, ಸೀಗೆಪುಡಿ, ಬಿಸಿನೀರು ಮೂರೂ ಒಂದೇ ನೆಲದ ಮೇಲೆ ಸೇರುತ್ತವೆ. ನುಣುಪಾದ ಬಿಲ್ಲೆಗಳನ್ನು ಹಾಕಿಸಿದ ಹೊಸ ಬಚ್ಚಲುಗಳು ಒರಟು ಕಲ್ಲಿನ ಹಳೆಯ ಬಚ್ಚಲುಗಳಿಗಿಂತ ಹೆಚ್ಚು ಜಾರುತ್ತವೆ. ಗೋಡೆಗೆ ಗಟ್ಟಿಯಾಗಿ ಕೂರಿಸಿದ ಒಂದು ಹಿಡಿಕಂಬಿ, ಕುಳಿತು ಸ್ನಾನಮಾಡಲು ಅಲುಗದ ಸ್ಟೂಲು, ಒರಟು ನೆಲ, ಒಳಗಿನಿಂದ ಚಿಲಕ ಹಾಕದಿರುವ ಕಟ್ಟುಪಾಡು ಇವು ಹೆಚ್ಚಿನ ವೆಚ್ಚದ ಏರ್ಪಾಟುಗಳಲ್ಲ. ಬಟ್ಟೆ ಹಾಕುವ ಸಣ್ಣ ಗೂಟವನ್ನಾಗಲಿ ನೀರಿನ ಕೊಳಾಯಿಯನ್ನಾಗಲಿ ಆಸರೆಯೆಂದು ಹಿಡಿದರೆ ಅದು ದೇಹದ ಭಾರವನ್ನು ತಡೆಯಲಾರದು.

ಹೊಸ್ತಿಲಿಗೆ ನಮ್ಮಲ್ಲಿ ಪೂಜೆಯುಂಟು. ಅದನ್ನು ತೆಗೆದುಹಾಕಿರೆಂದು ಹೇಳುವ ಅಗತ್ಯವಿಲ್ಲ. ಅದರ ಅಂಚಿಗೆ ಎದ್ದುಕಾಣುವ ಬಣ್ಣ, ಪಕ್ಕದಲ್ಲಿ ಹಿಡಿಯಲು ಆಸರೆ, ಮೇಲೊಂದು ದೀಪ ಇದ್ದರೆ ಸಾಕು. ನೆಲದವರೆಗೆ ಇಳಿಬಿದ್ದ ಸೀರೆಯ ನೆರಿಗೆ, ಪಂಚೆಯ ಅಂಚು, ಸವೆದು ಸಡಿಲವಾದ ಹವಾಯಿ ಚಪ್ಪಲಿ ಇವು ಹಿರಿಯರು ಮನೆಯೊಳಗೇ ಹೊತ್ತು ತಿರುಗುವ ಅಪಾಯಗಳು. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ರಾತ್ರಿಯೆಲ್ಲ ಉರಿಯುವ ಚಿಕ್ಕ ದೀಪವೊಂದು ಇರಲೇಬೇಕು.

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ಅಂಗಳವು ಪಾಚಿಗಟ್ಟುತ್ತದೆ. ಜಾರದಿರಲೆಂದು ಅಡಕೆಯ ದಬ್ಬೆಗಳನ್ನು ಹಾಸಿ ಕಾಲುದಾರಿ ಮಾಡುವುದೂ, ಕಡಿದಾದ ಮರದ ಏಣಿಮೆಟ್ಟಿಲಿನ ಬಳಿ ಹಿಡಿದುಕೊಳ್ಳಲು ಹಗ್ಗವನ್ನು ಇಳಿಬಿಡುವುದೂ ಅಲ್ಲಿಯ ಹಳೆಯ ಮನೆಗಳಲ್ಲಿ ಉಂಟು. ಬೀಳುವಿಕೆಯ ನಿವಾರಣೆಯೆಂಬ ಹೆಸರಿಲ್ಲದೆಯೇ ನಮ್ಮ ಹಿಂದಿನವರು ಅದನ್ನು ಮಾಡುತ್ತಿದ್ದರು. ನೆಲದ ಮೇಲೆ ಕುಳಿತು ಉಣ್ಣುವ, ಕುಳಿತು ತರಕಾರಿ ಹೆಚ್ಚುವ ರೂಢಿಯಲ್ಲಿಯೂ ಒಂದು ಗುಣವಿದೆ: ಕುಳಿತಲ್ಲಿಂದ ಏಳುವ ಪ್ರತಿಸಲವೂ ತೊಡೆಗಳಿಗೆ ಬಲವಾದ ವ್ಯಾಯಾಮವಾಗುತ್ತದೆ. ಮಂಡಿ ನೋಯದೆ ಏಳಬಲ್ಲವರು ಆ ರೂಢಿಯನ್ನು ಪ್ರತಿಷ್ಠೆಗಾಗಿ ಬಿಡಬೇಕಾಗಿಲ್ಲ; ಏಳಲಾರದವರನ್ನು ಸಂಪ್ರದಾಯಕ್ಕಾಗಿ ನೆಲದ ಮೇಲೆ ಕೂರಿಸಬೇಕಾಗಿಯೂ ಇಲ್ಲ.

೮. ಬಿದ್ದ ಮೇಲೆ

ಎಷ್ಟು ಎಚ್ಚರವಹಿಸಿದರೂ ಕೆಲವರು ಬೀಳುತ್ತಾರೆ. ಆಗ ಮೇಲೇಳಲಾರದೆ ನೆಲದ ಮೇಲೆಯೇ ಬಹಳ ಹೊತ್ತು ಉಳಿಯುವುದು ಬೀಳುವಿಕೆಯಷ್ಟೇ ಕೇಡಿನದು. ಕೇಂಬ್ರಿಜ್ಜಿನಲ್ಲಿ ತೊಂಬತ್ತು ದಾಟಿದ ೧೧೦ ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನವು ೨೦೦೮ರಲ್ಲಿ ಪ್ರಕಟವಾಯಿತು. ಬಿದ್ದ ೬೬ ಮಂದಿಯಲ್ಲಿ ೫೩ ಮಂದಿ ಒಂದು ಸಲವಾದರೂ ತಾವಾಗಿ ಏಳಲಾರದ ಸ್ಥಿತಿಯಲ್ಲಿದ್ದರು. ೨೦ ಮಂದಿ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದ ಮೇಲಿದ್ದರು. ಮಕ್ಕಳು ದೂರದ ಊರುಗಳಲ್ಲಿ ನೆಲಸಿ, ದಂಪತಿಗಳಿಬ್ಬರೇ ಅಥವಾ ಒಬ್ಬರೇ ಉಳಿದಿರುವ ಮನೆಗಳು ನಮ್ಮಲ್ಲಿಯೂ ಹೆಚ್ಚುತ್ತಿರುವುದರಿಂದ ಈ ಅಂಶವನ್ನು ಕಡೆಗಣಿಸಲಾಗದು.

ಏಳುವ ಕ್ರಮವನ್ನು ಬೀಳುವ ಮೊದಲೇ ಕಲಿಯಬೇಕು. ಬಿದ್ದಕೂಡಲೆ ಏಳಲು ಹೆಣಗದೆ ಮೈಯಲ್ಲೆಲ್ಲಾದರೂ ತೀವ್ರ ನೋವಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈಯೂರಿ, ಅಂಬೆಗಾಲಿಗೆ ಬಂದು, ಗಟ್ಟಿಯಾದ ಕುರ್ಚಿಯೋ ಮಂಚವೋ ಇರುವಲ್ಲಿಗೆ ಸರಿದು, ಅದರ ಮೇಲೆ ಕೈಯಿಟ್ಟು, ಬಲವಾದ ಕಾಲಿನ ಪಾದವನ್ನು ಮುಂದೂರಿ ಎದ್ದು, ತಿರುಗಿ ಕುಳಿತುಕೊಳ್ಳಬೇಕು. ನೋವು ತೀವ್ರವಾಗಿದ್ದರೆ ಅಲುಗದೆ ನೆರವಿಗಾಗಿ ಕೂಗಬೇಕು. ನೋಡಿದವರೂ ರಟ್ಟೆ ಹಿಡಿದು ಎಳೆದೆತ್ತಬಾರದು. ಮೊಬೈಲ್ ಫೋನು ಮೇಜಿನ ಮೇಲಿದ್ದರೆ ನೆಲದಲ್ಲಿರುವವರ ಕೈಗೆ ಎಟುಕದು. ಅದು ಜೇಬಿನಲ್ಲೋ ಕೊರಳಿನ ಚೀಲದಲ್ಲೋ ಇರಬೇಕು.

೯. ಕಾಲೇಜುಗಳು ಮಾಡಬಹುದಾದ ಕೆಲಸ

ಅಪಾಯವನ್ನು ಮುಂಚೆಯೇ ಅಳೆಯಲು ದೊಡ್ಡ ಯಂತ್ರಗಳು ಬೇಕಿಲ್ಲ. ಕುರ್ಚಿಯಿಂದೆದ್ದು ಮೂರು ಮೀಟರು ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಅಳೆಯುವ ಪರೀಕ್ಷೆಯೊಂದು ೧೯೯೧ರಿಂದ ಬಳಕೆಯಲ್ಲಿದೆ. ಅಮೆರಿಕೆಯ ರೋಗನಿಯಂತ್ರಣ ಕೇಂದ್ರವು ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರವಹಿಸಬೇಕೆಂದು ಹೇಳುತ್ತದೆ. ಒಂದು ಪಾದದ ಹಿಂದೆ ಇನ್ನೊಂದನ್ನು ತಾಗಿಸಿ ಹತ್ತು ಸೆಕೆಂಡು ನಿಲ್ಲಲಾಗದಿರುವುದೂ ಅಂತಹುದೇ ಸೂಚನೆ. ಒಂದು ಕುರ್ಚಿ, ಅಳತೆಯ ಪಟ್ಟಿ, ಗಡಿಯಾರ ಇವಿಷ್ಟಿದ್ದರೆ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಒಂದು ಊರಿನ ಹಿರಿಯರನ್ನೆಲ್ಲ ಒಂದೆರಡು ದಿನಗಳಲ್ಲಿ ನೋಡಿ ಮುಗಿಸಬಹುದು. ಪರೀಕ್ಷೆಯ ಕಾಲದಲ್ಲಿ ಬೀಳದಂತೆ ಒಬ್ಬರು ಪಕ್ಕದಲ್ಲಿ ನಿಂತಿರಬೇಕಾದುದು ಅವಶ್ಯ. ಎಡವಟ್ಟು ಕಂಡವರನ್ನು ವೈದ್ಯರ ಬಳಿಗೆ ಕಳುಹಿಸುವ ಏರ್ಪಾಟೂ ಇರಬೇಕು.

ನಮ್ಮ ಭಾಷೆಯಲ್ಲಿ, ನಮ್ಮ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಕೇಳಬೇಕಾದ ಪ್ರಶ್ನೆಗಳು ಅನೇಕ. ಹಿರಿಯರು ಎಲ್ಲಿ ಬೀಳುತ್ತಾರೆ, ಯಾವ ಹೊತ್ತಿನಲ್ಲಿ ಬೀಳುತ್ತಾರೆ, ಎಷ್ಟು ಮಂದಿ ಅದನ್ನು ಮನೆಯವರಿಗೆ ಹೇಳುತ್ತಾರೆ? ಹೊಲದಲ್ಲಿ ದುಡಿಯುತ್ತಲೇ ಮುದುಕರಾದವರಿಗೂ ಕುರ್ಚಿಯ ಮೇಲೆ ಕುಳಿತು ನಿವೃತ್ತರಾದವರಿಗೂ ಇದರಲ್ಲಿ ಎಷ್ಟು ಅಂತರವಿದೆ? ಒಂದು ವರ್ಷ ಒಂದು ಬೀದಿಯ ಮನೆಗಳಲ್ಲಿ ತಿಂಗಳಿಗೊಮ್ಮೆ ವಿಚಾರಿಸಿ ದಿನ, ಸ್ಥಳ, ಸಂದರ್ಭಗಳನ್ನು ಬರೆದಿಟ್ಟರೂ, ಷೆಲ್ಡನ್ ಅವರು ಮಾಡಿದಂತಹ ಒಂದು ಕೆಲಸಕ್ಕೆ ಬುನಾದಿಯಾದೀತು. ಹಾಗೆ ವಿಚಾರಿಸಲು ಹೋದ ವಿದ್ಯಾರ್ಥಿಯು ಹಿರಿಯರನ್ನು ಕೇಳಬೇಕಾದ ಮೊದಲ ಮಾತು “ನೀವು ಬಿದ್ದಿದ್ದೀರಾ?” ಎಂಬುದಲ್ಲ. “ನೀವು ಯಾವ ಕೆಲಸವನ್ನು ಮತ್ತೆ ಮಾಡಬೇಕೆಂದು ಬಯಸುತ್ತೀರಿ?” ಎಂಬುದು. ಬಾವಿಕಟ್ಟೆಯವರೆಗೆ ಹೋಗಬೇಕೆಂದು ಒಬ್ಬರು ಹೇಳಿಯಾರು, ಮೊಮ್ಮಗಳ ಶಾಲೆಯವರೆಗೆ ನಡೆಯಬೇಕೆಂದು ಇನ್ನೊಬ್ಬರು ಹೇಳಿಯಾರು. ಅಷ್ಟು ದೂರಕ್ಕೆ ಬೇಕಾದ ಕಾಲಿನ ಬಲವನ್ನು ಗಳಿಸಿಕೊಡುವುದರಿಂದಲೇ ಕೆಲಸವನ್ನು ಆರಂಭಿಸಬಹುದು.